ಟಾಕ್ಸಿನ್ ಅಂದರೆ ವಿಷ ಅಲ್ಲವ್ವ, ಗಂಟೆ

ನೋಡವ್ವ, ಇಂಗ್ಲಿಷ್ ಪೇಪರಿನಲ್ಲಿ ಬಂದ ‘ಟಾಕ್ಸಿನ್’ ಪದ ತಪ್ಪು ಅಚ್ಚಾಗಿದೆಯಾ ಅಂತ ನೀನು ಬೆಳಿಗ್ಗೆ ಗ್ರೂಪಿನಲ್ಲಿ ಕೇಳಿದ್ದೆ. ಇದು ಟೈಪ್ ಮಾಡಿ ಮುಗಿಯೋ ಮಾತಲ್ಲ, ಬಾಯಲ್ಲೇ ಹೇಳುತ್ತೇನೆ.

ತಪ್ಪೇನೂ ಆಗಿಲ್ಲ. ವಿಷದ ಟಾಕ್ಸಿನ್‌ಗೆ ನಡುವೆ ಎಕ್ಸ್ ಇರುತ್ತದೆ. ನೀನು ಓದಿದ್ದರಲ್ಲಿ ಸಿ, ಎಸ್ ಇದೆ. ಹೇಳುವಾಗ ಎರಡೂ ಒಂದೇ. ಕನ್ನಡದಲ್ಲಿ ಬರೆದರೂ ಒಂದೇ, ಅದಕ್ಕೇ ಗೊಂದಲ. ಎಕ್ಸ್ ಇರುವುದರ ಬೇರು ಗ್ರೀಕ್ ಭಾಷೆಯ ಬಿಲ್ಲು. ಬಾಣಕ್ಕೆ ಸವರುತ್ತಿದ್ದ ವಿಷದಿಂದ ಬಂದ ಪದ ಅದು. ನೀನು ಓದಿದ ಪದದ ಅರ್ಥ ಅಪಾಯದ ಗಂಟೆ. ಫ್ರಾನ್ಸಿನ ದಕ್ಷಿಣದ ಪ್ರೊವೆನ್ಸಾಲ್ ಭಾಷೆಯಲ್ಲಿ ‘ತೊಕಾರ್’ ಅಂದರೆ ಬಡಿ, ‘ಸೆನ್ಹ್’ ಅಂದರೆ ಗಂಟೆ. ಎರಡೂ ಕೂಡಿ ಫ್ರೆಂಚಿಗೆ ಬಂತು, 16ನೇ ಶತಮಾನದ ಕೊನೆಗೆ ಇಂಗ್ಲಿಷಿಗೂ ಬಂತು. ನಾವು ದಿನಾ ಅನ್ನುವ ‘ಟಚ್’ ಕೂಡ ಆ ಬಡಿಯುವ ಪದದ ಸಂಬಂಧಿಯೇ.

ಪೂಜೆಯ ಗಂಟೆಯ ಹಾಗೆ ನಿಧಾನ ಅಲ್ಲ ಇದು, ಬಿಡುವಿಲ್ಲದೆ ಬಡಿಯುವುದು. ಬೆಂಕಿ ಬಿದ್ದರೆ, ವೈರಿಗಳು ಬಂದರೆ ಚರ್ಚಿನಲ್ಲಿ ಬಾರಿಸುತ್ತಿದ್ದರು. ಫ್ರೆಂಚ್ ಕ್ರಾಂತಿಯ ಹೊತ್ತಿನಲ್ಲಿ, 1792ರ ಆಗಸ್ಟ್ 9ರ ರಾತ್ರಿ ಪ್ಯಾರಿಸಿನಲ್ಲಿ ಈ ಗಂಟೆ ಬಡಿದರು. ಮರುದಿನ, 10ಕ್ಕೆ, ಜನ ಅರಮನೆಗೇ ನುಗ್ಗಿದರು. ರಾಜನ ಅಧಿಕಾರ ಅವತ್ತೇ ಕೈತಪ್ಪಿತು.

ಆಗಸ್ಟ್ 10 ಅಂದ ಕೂಡಲೇ ನನಗೆ ನಮ್ಮ ಹೊಳೆಯೇ ಕಣ್ಣ ಮುಂದೆ ಬರುತ್ತದೆ. 2024ರಲ್ಲಿ ಅದೇ ತಾರೀಖಿನ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟಿನ ಚೈನು ಕಡಿದು ಗೇಟು ಕೊಚ್ಚಿಕೊಂಡು ಹೋಯಿತಲ್ಲ. ಒತ್ತಡ ಇಳಿಸಲು ಬೇರೆ ಗೇಟುಗಳನ್ನೂ ತೆರೆದರು. ನಮ್ಮ ಗಂಗಾವತಿ ಕಡೆ ಹೊಳೆ ದಂಡೆಯವರಿಗೆ ಆ ರಾತ್ರಿ ನಿದ್ದೆ ಎಲ್ಲಿಯದು! ನನಗೆ ಗೊತ್ತಾಗಿದ್ದು ಫೋನಿನಿಂದ. ಒಬ್ಬರ ಮೇಲೊಬ್ಬರು ವಿಡಿಯೊ ಕಳಿಸುತ್ತಿದ್ದರು, ಅದರಲ್ಲಿ ಯಾವುದು ಹಳೆಯದು ಯಾವುದು ಹೊಸದು ತಿಳಿಯಲಿಲ್ಲ. ಆಗ ನನಗೆ ಡಂಗುರದ ಹಲಗೆ ಸದ್ದು ಬೇಕಿತ್ತು ಅನಿಸಿತು, ಸುಳ್ಳಲ್ಲ.

ಚಿಕ್ಕವನಿದ್ದಾಗ ಊರಲ್ಲಿ ಡಂಗುರ ಸಾರುವವರು ಮೊದಲು ಹಲಗೆ ಬಾರಿಸುತ್ತಿದ್ದರು. ಒಲೆ ಮುಂದಿದ್ದವರೂ ಎದ್ದು ಹೊಸ್ತಿಲಿಗೆ ಬರುತ್ತಿದ್ದರು. ಸದ್ದು ಮೊದಲು, ಸುದ್ದಿ ಆಮೇಲೆ. ಟಾಕ್ಸಿನ್ ಮಾಡುತ್ತಿದ್ದದ್ದೂ ಅದೇ ಕೆಲಸ.

ಈಗ ಪೇಪರಿನವರು ನಿಜವಾದ ಗಂಟೆಗೆ ಇದನ್ನು ಬಳಸುವುದು ಕಡಿಮೆ. ‘ಎಚ್ಚರಿಕೆಯ ಗಂಟೆ ಬಾರಿಸಿದರು’ ಅಂತ ಅರ್ಥ ಮಾಡಿಕೋ, ನೀನು ಓದಿದ ಸಾಲು ಸರಿಹೋಗುತ್ತದೆ. ಆಮೇಲೆ ಅಜ್ಜಿ ಹತ್ತಿರ ಕೂತು ಕೇಳು, ಡಂಗುರದವರು ಏನಂತ ಕೂಗುತ್ತಿದ್ದರು ಅಂತ. ನನಗೆ ‘ಕೇಳ್ರಪ್ಪೋ ಕೇಳ್ರಿ’ ಅಷ್ಟೇ ನೆನಪಿದೆ. ಪೂರ್ತಿ ಹೇಳಿದರೆ ರೆಕಾರ್ಡ್ ಮಾಡಿ ಇಲ್ಲೇ ಹಾಕವ್ವ.