ಹಲಗಲಿಯ ಹತ್ಯೆಗಳಿಗೆ ಇಂದು ನ್ಯಾಯ ಕೇಳಬಹುದೇ?

ಪ್ರಶ್ನೆ (ಮುಧೋಳದಿಂದ): 1857ರಲ್ಲಿ ಆಯುಧ ಒಪ್ಪಿಸಲು ನಿರಾಕರಿಸಿದ ಹಲಗಲಿಯ ಬೇಡರನ್ನು ಬ್ರಿಟಿಷ್ ಸೇನೆ ಕೊಂದು, ಊರಿಗೆ ಬೆಂಕಿಯಿಟ್ಟು, ಸೆರೆಸಿಕ್ಕವರನ್ನು ಗಲ್ಲಿಗೇರಿಸಿತು. 1950ರ ದಶಕದಲ್ಲಿ ಬ್ರಿಟಿಷ್ ಆಳ್ವಿಕೆಯ ವಿರುದ್ಧ ಕೆನ್ಯಾದಲ್ಲಿ ನಡೆದ ಮೌ ಮೌ ಬಂಡಾಯದ ಸಂತ್ರಸ್ತರಂತೆ ಇವರ ವಂಶಸ್ಥರೂ ಲಂಡನ್ನಿನಲ್ಲಿ ದಾವೆ ಹೂಡಬಹುದೇ?

ಉತ್ತರ (ಬೆಳಗಾವಿಯ ವಕೀಲ): ಬಹಳ ಕಷ್ಟ. 2013ರಲ್ಲಿ 5,228 ಕೆನ್ಯನ್ನರಿಗೆ ಪರಿಹಾರ ದೊರೆತದ್ದು, ಚಿತ್ರಹಿಂಸೆ ಅನುಭವಿಸಿದವರೇ ಬದುಕಿದ್ದು ದಾವೆ ಹೂಡಿದ್ದರಿಂದ. ಇಂಡೊನೇಷ್ಯಾದ ರಾವಗೆಡೆಯಲ್ಲಿ 1947ರಲ್ಲಿ ಡಚ್ ಸೇನೆ ನಡೆಸಿದ ಹತ್ಯಾಕಾಂಡದ ಮೊಕದ್ದಮೆಯಲ್ಲಿಯೂ, 2011ರಲ್ಲಿ ನೆದರ್ಲೆಂಡ್ಸಿನ ಹೇಗ್ ನಗರದ ನ್ಯಾಯಾಲಯವು ದಾವೆಯ ಕಾಲಮಿತಿ ಮುಗಿದಿದೆ ಎಂಬ ವಾದವನ್ನು ತಳ್ಳಿಹಾಕುವಾಗ ಹತರಾದವರ ವಿಧವೆಯರು ಇನ್ನೂ ಜೀವಂತವಿದ್ದರು. ಹಲಗಲಿಗೆ ಅಂಥ ಅರ್ಜಿದಾರರು ಉಳಿದಿಲ್ಲ.

ಉತ್ತರ (ಜಮಖಂಡಿಯಿಂದ): ದಾವೆಯಿಲ್ಲದಿದ್ದರೂ ಬ್ರಿಟಿಷ್ ಸಂಸತ್ತು ಕ್ಷಮೆ ಕೇಳಬೇಕೆಂದು ಒತ್ತಾಯಿಸುವ ಹಕ್ಕು ನಮಗಿದೆ. ಹಲಗಲಿ ಬೇಡರ ಬಗೆಗಿನ ನಮ್ಮ ಲಾವಣಿಯು ಮಂಗಳಸೂತ್ರದಿಂದ ಬೀಸುಕಲ್ಲಿನವರೆಗೆ ಲೂಟಿಯಾದ ಒಂದೊಂದು ವಸ್ತುವನ್ನೂ ಹೆಸರಿಸುತ್ತದೆ. ನನ್ನ ಮಟ್ಟಿಗೆ ಅದೇ ಬಡವರ ಪಂಚನಾಮೆ. ಅದನ್ನು ಅಂದಿನ ಸರ್ಕಾರಿ ದಾಖಲೆಗಳೊಂದಿಗೆ ತಾಳೆ ನೋಡಿ, ಗಲ್ಲಿಗೇರಿದವರ ಹೆಸರುಗಳನ್ನು ಊರಿನಲ್ಲಿಯೇ ಕಲ್ಲಿನಲ್ಲಿ ಕೆತ್ತಿಸುವ ಕೆಲಸವನ್ನು ಮೊದಲು ಮಾಡೋಣ.