ಉರಿಯೂತ ಅನ್ನೋದಾ, ಬಾವು ಅನ್ನೋದಾ?

ಗೆಳೆಯರೇ,

ನಾನು ದಾವಣಗೆರೆಯ ಒಂದು ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ. ಕ್ರೋನ್ಸ್ ಅಂದರೆ ಕರುಳು ಕೆಂಪಾಗಿ ಬಾತು ಬಹುಕಾಲ ಕಾಡುವ ಕಾಯಿಲೆ. ಅದಿರುವವರಿಗೆ ರಿಪೋರ್ಟಿನ ಜೊತೆ ಕೊಡಲು ಕನ್ನಡದಲ್ಲೊಂದು ಚೀಟಿ ಬರೆಯುತ್ತಿದ್ದೇನೆ. ಎರಡು ಪದ ಕಾಡುತ್ತಿವೆ.

ಮೊದಲನೆಯದು ಉರಿಯೂತ, ಇಂಗ್ಲಿಷಿನ ಇನ್‌ಫ್ಲಮೇಶನ್‌ಗೆ ಕಟ್ಟಿದ ಪದ. ಕಟ್ಟಿದವರು ಜಾಣರು. ಕೆಂಪು, ಊತ, ಬಿಸಿ, ನೋವು ಅಂತ ಪ್ರಾಚೀನ ರೋಮಿನ ವೈದ್ಯ ಗ್ರಂಥಕಾರ ಸೆಲ್ಸಸ್ ಹೇಳಿದ ನಾಲ್ಕು ಲಕ್ಷಣಗಳಲ್ಲಿ ಎರಡು ಇದೊಂದೇ ಪದದಲ್ಲಿವೆ. ಆದರೆ ಜನರ ಕಿವಿಗೆ ಬೀಳುವುದು ಉರಿ ಮಾತ್ರ. ಹೋದ ವಾರ ಜಗಳೂರು ಕಡೆಯ ಅಜ್ಜರೊಬ್ಬರಿಗೆ "ಕರುಳಲ್ಲಿ ಉರಿಯೂತ ಇದೆಯಾ ಅಂತ ನೋಡೋ ಟೆಸ್ಟು" ಅಂದೆ. "ನನಗ್ಯಾಕೆ ಹೊಟ್ಟೆಯುರಿ ತಮ್ಮಾ, ಯಾರು ಉದ್ಧಾರ ಆದ್ರೂ ನನಗೆ ಖುಷೀನೇ" ಅಂದರು. ಮೊಮ್ಮಗಳು ತಿದ್ದಿದಳು: "ಅದು ಗ್ಯಾಸ್ಟ್ರಿಕ್ ಅಜ್ಜ, ಮಿರ್ಚಿ ಬಿಡ್ಬೇಕು ಅಷ್ಟೇ."

ಬಾವು ಎಲ್ಲರಿಗೂ ಗೊತ್ತು. ಆದರೆ ಬಸುರಿಯ ಕಾಲು ಬಾತರೂ ಅದು ಬಾವೇ, ಉರಿಯೂತವಲ್ಲ. 'ಕರುಳು ಕೆಂಪಾಗಿ ಬಾತಿದೆ' ಅಂತ ಬಿಡಿಸಿ ಬರೆಯೋಣ ಅಂದುಕೊಂಡೆ. ಆದರೆ ಲ್ಯಾಬಿನಲ್ಲಿ ಕೂತ ನಾನು ಆ ಕೆಂಪನ್ನು ಎಲ್ಲಿ ಕಂಡೆ? ಅದು ಕರುಳೊಳಗೆ ಕ್ಯಾಮೆರಾ ಬಿಟ್ಟು ನೋಡುವ ಕೊಲೊನೋಸ್ಕೋಪಿಯಲ್ಲಿ ಕಾಣಬೇಕು.

ಎರಡನೆಯದು ಮಾರ್ಕರ್, ಅಂದರೆ ಒಳಗೆ ಉರಿಯೂತ ಇರಬಹುದು ಅಂತ ರಕ್ತದಲ್ಲೋ ಮಲದಲ್ಲೋ ತೋರಿಸಿಕೊಡುವ ವಸ್ತು. ಪುಸ್ತಕದಲ್ಲಿ 'ಸೂಚಕ'. ನಮ್ಮ ಲ್ಯಾಬಿನವರು 'ಗುರುತು' ಅನ್ನುತ್ತಾರೆ. ಗುರುತು ಅಂದರೆ ಕಾಯಿಲೆ ಸಿಕ್ಕೇಬಿಟ್ಟಿತು ಅನ್ನಿಸುತ್ತದೆ, ಅಲ್ವಾ? ಇಂಥ ಒಂದು ಮಾರ್ಕರ್ ರಕ್ತದ ಸಿಆರ್‌ಪಿ, ಲಿವರ್‌ನಲ್ಲಿ ತಯಾರಾಗುವ ಪ್ರೋಟೀನ್. ನ್ಯುಮೋನಿಯಾ ಬಂದರೂ ಏರುತ್ತದೆ. ಕೆಲವರಿಗೆ ಕ್ರೋನ್ಸ್ ಜೋರಾಗಿದ್ದರೂ ಏರುವುದೇ ಇಲ್ಲ. ಮಲದಲ್ಲಿ ನೋಡುವ ಕ್ಯಾಲ್‌ಪ್ರೊಟೆಕ್ಟಿನ್ ಎಂಬ ಇನ್ನೊಂದು ಪ್ರೋಟೀನ್ ಕರುಳಿಗೆ ಹತ್ತಿರದ್ದು, ಅಲ್ಲಿಗೆ ನುಗ್ಗಿದ ಬಿಳಿ ರಕ್ತಕಣಗಳಿಂದ ಬರುವಂಥದ್ದು. ಒಂದು ಗ್ರಾಂ ಮಲಕ್ಕೆ 50 ಮೈಕ್ರೋಗ್ರಾಂ ಒಳಗಿದ್ದರೆ ಸಾಮಾನ್ಯವಾಗಿ ಚಿಂತೆಯಿಲ್ಲ. 250 ದಾಟಿದರೆ ಅನುಮಾನ ಜಾಸ್ತಿ. ಆದರೂ ಮಂಡಿನೋವಿನ ಮಾತ್ರೆ ನುಂಗುವವರಿಗೂ ಏರಬಹುದು.

ಹಾಗಾಗಿ ನನಗೆ ಹಿಡಿಸಿದ್ದು 'ಸುಳಿವು'. ಸುಳಿವು ಸಿಕ್ಕರೂ ಹುಡುಕಾಟ ಮುಗಿಯುವುದಿಲ್ಲವಲ್ಲ. ತೊಡಕು ಒಂದೇ, ಪೇಪರಿನ ಕಳ್ಳತನದ ಸುದ್ದಿ ನೆನಪಾಗುತ್ತದೆ. 'ಮಲದಲ್ಲಿ ಸುಳಿವು' ಅಂತ ಬರೆದು ತೋರಿಸಿದರೆ ನಮ್ಮ ಕೌಂಟರಿನ ಹುಡುಗ "ಪೊಲೀಸರಿಗೆ ಹೇಳಿದ್ರಾ ಸರ್?" ಅಂತ ನಕ್ಕ.

ಚಿತ್ರದುರ್ಗ, ಚಳ್ಳಕೆರೆ ಕಡೆಯವರು ಮೈಯೊಳಗೆ ಬಿಸಿಯೇರಿ ಬಾತರೆ ಏನಂತೀರಿ? ಮನೆಯಲ್ಲಿ ಹಿರಿಯರು ಆಡುವ ಪದ ಇದ್ದರೆ ಕಳಿಸಿ. ಚೀಟಿ ಇನ್ನೂ ಪ್ರಿಂಟಿಗೆ ಹೋಗಿಲ್ಲ.