ಸಹಾಯ ಬೇಕು: ಹೀಲೋದ ಜಪಾನಿ ತೋಟದಲ್ಲಿ ವ್ಹೀಲ್‌ಚೇರ್ ದಾರಿ ಯಾವುದು?

ಎಲ್ಲರಿಗೂ ನಮಸ್ಕಾರ. ಅಮ್ಮನ ಜೊತೆ ಹವಾಯಿಯ ಹೀಲೋಗೆ ಬಂದಿದ್ದೇವೆ. ಅವರಿಗೆ ಮಂಡಿನೋವು ಜಾಸ್ತಿ, ಅದಕ್ಕೇ ವ್ಹೀಲ್‌ಚೇರ್ ಬಾಡಿಗೆಗೆ ತಗೊಂಡಿದ್ದೇವೆ.

ನಿನ್ನೆ ಕೊಲ್ಲಿಯ ಪಕ್ಕದ ಲಿಲಿಯುಒಕಲಾನಿ ತೋಟಕ್ಕೆ ಹೋಗಿದ್ದೆವು. ಹವಾಯಿಯ ಕೊನೆಯ ರಾಣಿಯ ಹೆಸರಿನ ತೋಟ, ಪ್ರವೇಶಕ್ಕೆ ದುಡ್ಡಿಲ್ಲ. ಇಲ್ಲಿನ ಕಬ್ಬಿನ ತೋಟಗಳಲ್ಲಿ ದುಡಿಯಲು ಬಂದ ಜಪಾನಿಯರ ನೆನಪು ಇದರಲ್ಲಿದೆ ಎಂದು ಹೇಳಿದಾಗಿನಿಂದ ಅಮ್ಮನಿಗೆ ಅಲ್ಲೇ ಮನಸ್ಸು, ಮಂಡ್ಯದ ಕಬ್ಬಿನ ಗದ್ದೆಯಲ್ಲಿ ಬೆಳೆದವರಲ್ವಾ.

ಮೊದಲು ಕಮಾನು ಸೇತುವೆಯ ಕಡೆ ಹೋದೆವು, ಏರು ಜಾಸ್ತಿ, ಮಳೆಗೆ ನೆಲ ಜಾರುತ್ತಿತ್ತು. ಸುತ್ತು ಹಾಕೋಣ ಅಂತ ಹುಲ್ಲಿನ ಮೇಲೆ ತಳ್ಳಿದರೆ ಚಕ್ರ ಅರ್ಧ ಇಂಚು ಹೂತುಹೋಯಿತು. ಪಾಚಿ ಹಿಡಿದ ಒಂದು ಕಲ್ಲಿನ ದೀಪವನ್ನು ಅಮ್ಮ ಮುಟ್ಟಿ ನೋಡಿದರು, ಅಷ್ಟೇ, ವಾಪಸ್ ಬಂದೆವು. ಫೋನಿನ ಮ್ಯಾಪಿನಲ್ಲಿ ದಾರಿಗಳು ಕಾಣುತ್ತವೆ, ಆದರೆ ಎಲ್ಲಿ ಮೆಟ್ಟಿಲು, ಎಲ್ಲಿ ಸಮತಟ್ಟು ಅಂತ ಗೊತ್ತಾಗುತ್ತಿಲ್ಲ.

ನಾಡಿದ್ದು ಹೊರಡುತ್ತೇವೆ, ನಾಳೆ ಒಂದೇ ದಿನ ಉಳಿದಿದೆ. ವಯಸ್ಸಾದವರನ್ನು ಅಲ್ಲಿಗೆ ಕರೆದುಕೊಂಡು ಹೋದವರು ದಯವಿಟ್ಟು ಹೇಳಿ: ಬನಿಯನ್ ಡ್ರೈವ್ ರಸ್ತೆಯಲ್ಲಿ ಎಲ್ಲಿ ಇಳಿದರೆ, ಮೆಟ್ಟಿಲು, ಕಮಾನು ಸೇತುವೆ ಯಾವುದೂ ಇಲ್ಲದೆ ವ್ಹೀಲ್‌ಚೇರ್ ಕೊಳದ ಹತ್ತಿರದವರೆಗೆ ಹೋಗುತ್ತದೆ?